ಶ್ವಾನಶಿಶುವಿನ ಗೃಹಪ್ರವೇಶ: ಒಂದು ತಾತ್ವಿಕ ಅನುಸಂಧಾನ

ಪೀಠಿಕೆ

ಮನುಷ್ಯಕೇಂದ್ರಿತ ಗೃಹಸಂಕಥನದ ಯಜಮಾನಿಕೆಯನ್ನು ಪಲ್ಲಟಗೊಳಿಸುತ್ತ, ಅಂಚಿನಿಂದ ಕೇಂದ್ರದತ್ತ ನಾಲ್ಕು ಕಾಲುಗಳ ಮೇಲೆ ಚಲಿಸುವ ಅನ್ಯಜೀವಿಯೊಂದನ್ನು ಕೌಟುಂಬಿಕ ಅವಕಾಶದೊಳಗೆ ಒಳಗೊಳ್ಳುವ ಪ್ರಕ್ರಿಯೆಯ ಪೂರ್ವಸಿದ್ಧತೆಯ ತಾತ್ವಿಕ ನೆಲೆಗಳನ್ನು, ಅವುಗಳ ಬಹುಮುಖಿ ಆಯಾಮಗಳ ಹಿನ್ನೆಲೆಯಲ್ಲಿ, ಪರಸ್ಪರ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಮನೆಗೆ ನಾಯಿಮರಿ ತರುವ ಮುಂಚೆ ಏನೇನು ಮಾಡಿಕೊಂಡಿರಬೇಕು ಅಂತ ಹೇಳುವುದಿತ್ತು, ಅಷ್ಟೆ.

ಇಷ್ಟು ಸಣ್ಣ ಸಂಗತಿಗೆ ಇಷ್ಟು ದೊಡ್ಡ ಪಂಚೆ ಉಡಿಸಲು ಕಾರಣವಿದೆ. ಒಂದೇ ವಾರದಲ್ಲಿ ಎರಡು ಸಭಾಂಗಣಗಳಲ್ಲಿ ಕೂರುವ ಯೋಗ ಈ ಲೇಖಕನಿಗೆ ಕೂಡಿಬಂತು. ಮೊದಲನೆಯದು ಪ್ರಾಣಿಪ್ರತೀಕಗಳನ್ನು ಕುರಿತ ವಿಚಾರಸಂಕಿರಣ. ಬೆಳಗಿನ ಗೋಷ್ಠಿ ಮುಗಿಯುವಷ್ಟರಲ್ಲಿ ಹುಲಿ, ಹಸು, ಹಾವುಗಳೆಲ್ಲ ‘ಪಠ್ಯ’ಗಳಾಗಿ ಹೋಗಿ, ಒಂದಕ್ಕೂ ಬಾಲ ಉಳಿದಿರಲಿಲ್ಲ. ಎರಡನೆಯದು ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸಿನಲ್ಲಿ ನಡೆದ ‘ಪೆಟ್ ಪೇರೆಂಟಿಂಗ್’ ಕಾರ್ಯಾಗಾರ. ಅಲ್ಲಿನ ಪರದೆಯ ಮೇಲೆ ‘ಎಮೋಷನಲ್ ರೆಡಿನೆಸ್’, ‘ಬಾಂಡಿಂಗ್ ಜರ್ನಿ’, ‘ಎನ್ರಿಚ್‌ಮೆಂಟ್ ಪ್ರೋಟೋಕಾಲ್’ ಎಂಬ ಮಾತುಗಳು ಒಂದರ ಹಿಂದೊಂದು ಹಾದುಹೋದವು. ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಕೈಯೆತ್ತಿ, “ರಾತ್ರಿ ಅಳ್ತಾ ಇದ್ರೆ ಏನ್ ಮಾಡ್ಬೇಕಪ್ಪಾ?” ಎಂದು ಕೇಳಿದರು. “ಅದು ಮೂರನೇ ಮಾಡ್ಯೂಲಲ್ಲಿ ಬರುತ್ತೆ ಮೇಡಂ,” ಎಂದರು ತರಬೇತುದಾರರು. ಮೂರನೇ ಮಾಡ್ಯೂಲಿಗೆ ಬೇರೆ ಶುಲ್ಕವಿತ್ತು. ಅಷ್ಟರಲ್ಲಿ ಬೀದಿಯ ಹೆಣ್ಣುನಾಯಿಯೊಂದು ಬಿಸ್ಕತ್ತಿನ ವಾಸನೆ ಹಿಡಿದು ಗಾಜಿನ ಬಾಗಿಲವರೆಗೂ ಬಂತು. ಸೆಕ್ಯುರಿಟಿಯವನು ಕೋಲು ಬಡಿದು ಅದನ್ನು ಅಟ್ಟಿದ. ‘ಅನ್‌ಕಂಡಿಷನಲ್ ಲವ್’ ಎಂಬ ಸ್ಲೈಡು ಪರದೆಯ ಮೇಲೆ ಹಾಗೇ ಇತ್ತು.

ಎರಡೂ ಸಭೆಗಳಲ್ಲಿ ಒಂದಂಶ ಸಮಾನವಾಗಿತ್ತು: ಯಾವ ಪ್ರಾಣಿಯ ಬಗ್ಗೆ ಮಾತೋ ಆ ಪ್ರಾಣಿ ಒಳಗಿರಲಿಲ್ಲ. ಈ ‘ಅನುಪಸ್ಥಿತಿಯ ಸೌಂದರ್ಯಶಾಸ್ತ್ರ’ವೇ ನಮ್ಮ ಅಧ್ಯಯನ ವಿಧಾನಕ್ಕೆ ಬುನಾದಿ.

ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಅಧ್ಯಯನವು ಶ್ವಾನಪೂರ್ವ ಯುಗದ ಕೊನೆಯ ಘಟ್ಟಕ್ಕೆ, ಅಂದರೆ ‘ತರೋಣ’ ಎಂದು ಬಾಯಿಬಿಟ್ಟ ಗಳಿಗೆಯಿಂದ ಮರಿ ಹೊಸಿಲು ದಾಟುವವರೆಗಿನ ಕಾಲಕ್ಕೆ ಸೀಮಿತ. ಶ್ವಾನೋತ್ತರ ಯುಗವನ್ನು ಅನಿವಾರ್ಯವಾದಲ್ಲಿ ಮಾತ್ರ ಮುಟ್ಟಲಾಗುವುದು. ಬೆಕ್ಕುಗಳನ್ನು ಕೈಬಿಡಲಾಗಿದೆ, ಪ್ರಶ್ನಾವಳಿಯ ಮೇಲೆ ಅವು ಮಲಗಿಕೊಂಡವು. ಅಡಿಟಿಪ್ಪಣಿ ಹಾಕುವ ಶಿಷ್ಟಾಚಾರವನ್ನೂ ಬಿಟ್ಟಿದ್ದೇವೆ. ಹಾಲುಹಲ್ಲು ಮೂಡಿದ ಮರಿಯೇ ಮನೆಮಂದಿಯ ಅಡಿಗಳಿಗೆಲ್ಲ ಬೇಕಾದಷ್ಟು ಟಿಪ್ಪಣಿ ಹಾಕಿಕೊಡುತ್ತದೆ.

ಪೂರ್ವಸೂರಿಗಳು

ಪೂರ್ವಾಧ್ಯಯನಗಳ ಸಮೀಕ್ಷೆಯಿಲ್ಲದ ಪ್ರಬಂಧವನ್ನು ಯಾವ ವಿಶ್ವವಿದ್ಯಾಲಯವೂ ಮೂಸಿ ನೋಡುವುದಿಲ್ಲ. ಆದ್ದರಿಂದ ಮಹಾಭಾರತ. ಆದಿಪರ್ವದ ಆರಂಭದಲ್ಲೇ, ಕೌರವ ಪಾಂಡವರು ಕತೆಯೊಳಗೆ ಕಾಲಿಡುವ ಎಷ್ಟೋ ಮುಂಚೆ, ಒಂದು ನಾಯಿಮರಿ ಬರುತ್ತದೆ. ಜನಮೇಜಯ ಕುರುಕ್ಷೇತ್ರದಲ್ಲಿ ಸತ್ರ ನಡೆಸುತ್ತಿದ್ದಾನೆ. ದೇವಶುನಿ ಸರಮೆಯ ಮರಿ ಅಲ್ಲಿಗೆ ಹೋಗುತ್ತದೆ. ರಾಜನ ತಮ್ಮಂದಿರು ಮೂವರೂ ಸೇರಿ ಅದನ್ನು ಹೊಡೆದಟ್ಟುತ್ತಾರೆ. ಮರಿ ಕುಂಯ್‌ಗುಡುತ್ತ ತಾಯಿಯ ಹತ್ತಿರ ಓಡುತ್ತದೆ. ಸರಮೆ ಮೊದಲು ವಿಚಾರಿಸುವುದು ಮರಿಯನ್ನೇ: ನೀನೇನಾದರೂ ತಪ್ಪು ಮಾಡಿದೆಯಾ? ಇಲ್ಲ, ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಅನ್ನುತ್ತದೆ ಅದು. ಆಮೇಲೆ ಸರಮೆ ಯಜ್ಞಶಾಲೆಗೇ ಹೋಗಿ, ಏನೂ ಮಾಡದ ನನ್ನ ಮಗನನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸಿ ಹೊರಟುಹೋಗುತ್ತಾಳೆ. ಅಷ್ಟು ದೊಡ್ಡ ರಾಜ ಆಮೇಲೆ ಕಂಗಾಲಾಗಿ, ಶಾಪದ ಪರಿಹಾರಕ್ಕೆ ಪುರೋಹಿತನನ್ನು ಹುಡುಕುತ್ತ ಅಲೆಯುತ್ತಾನೆ.

ಈ ಪ್ರಸಂಗವನ್ನು ನಿವಾಸಿಗಳ ಸಂಘದ ಮಾಸಿಕ ಸಭೆಯ ನೆಲೆಯಲ್ಲಿ ಮರುಓದಿಗೆ ಒಳಪಡಿಸಬಹುದು. ತಾನೇನೂ ಮಾಡದೆ ಏಟು ತಿಂದ ಮರಿಯ ಪರವಾಗಿ ಒಬ್ಬಳು ಹೋಗಿ ಕೇಳುತ್ತಾಳೆ, ಪದಾಧಿಕಾರಿಗಳು ಸುಮ್ಮನೆ ಕೂತಿರುತ್ತಾರೆ; ಈ ದೃಶ್ಯ ಇವತ್ತಿಗೂ ಹಳತಾಗಿಲ್ಲ. ವ್ಯತ್ಯಾಸವೆಂದರೆ ಇಂದಿನ ಪದಾಧಿಕಾರಿಗಳಿಗೆ ಶಾಪದ ಭಯವಿಲ್ಲ. ‘ಸಾಕುನಾಯಿಗಳು ಸರ್ವೀಸ್ ಲಿಫ್ಟನ್ನು ಮಾತ್ರ ಬಳಸತಕ್ಕದ್ದು’ ಎಂದು ನೋಟೀಸು ಅಂಟಿಸುತ್ತಾರೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿ, ನಾಯಿ ಸಾಕಬಾರದೆಂದು ನಿಷೇಧಿಸುವ ಅಧಿಕಾರ ಇಂಥ ಸಂಘಗಳಿಗಿಲ್ಲ, ಲಿಫ್ಟಿಗೆ ಸೇರಿಸಬಾರದು ಅನ್ನುವಂತಿಲ್ಲ ಎಂದು ಹೇಳಿತು. ಆ ಕಾಗದದ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಮರಿಯ ಹಾಸಿಗೆಗಿಂತ ಮುಂಚೆ ಬೇಕಾಗುವುದು ಅದು.

ಕನ್ನಡ ನೆಲದ ಪುರಾವೆ ಇನ್ನೂ ಗಟ್ಟಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಸಿಕ್ಕಿತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಇಮ್ಮಡಿ ಬೂತುಗ ಇಬ್ಬರೂ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ, 949-50ರ ಸುಮಾರು. ಆ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆಮೇಲೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ಅದೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ನಾಯಿ ಹಂದಿಗಳು ಹೋರಾಡುವ ಚಿತ್ರ ಕೆತ್ತಿಸಿ, ಪೂಜೆ ತಪ್ಪದಂತೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಗಮನಿಸಬೇಕಾದ ಸಂಗತಿ: ಆ ಶಾಸನದಲ್ಲಿ ಚಕ್ರವರ್ತಿ ಇದ್ದಾನೆ, ರಾಜನಿದ್ದಾನೆ, ಯುದ್ಧವಿದೆ, ಆದರೂ ನಾಯಿಗೆ ಹೆಸರಿದೆ. ಈ ಲೇಖಕ ಕೇಳಿದ ವಿಚಾರಸಂಕಿರಣದಲ್ಲಿ ಕಾಳಿಯ ಪ್ರಸ್ತಾಪ ‘ಊಳಿಗಮಾನ್ಯ ವ್ಯವಸ್ಥೆಯಲ್ಲಿ ಪ್ರಾಣಿಶ್ರಮದ ಅಧೀನತೆ’ ಎಂಬ ಶೀರ್ಷಿಕೆಯಡಿ ಬಂತು. ಹೆಸರು ಮಾತ್ರ ಬರಲಿಲ್ಲ.

ಕುಟುಂಬದ ವರ್ಗೀಕರಣ

ಶ್ವಾನಾಗಮನದ ಸಂದರ್ಭದಲ್ಲಿ ಕುಟುಂಬವು ಏಕಶಿಲಾತ್ಮಕ ಘಟಕವಾಗಿ ಉಳಿಯದೆ ಐದು ವರ್ಗಗಳಾಗಿ ವಿಘಟಿತವಾಗುತ್ತದೆ.

ಮೊದಲನೆಯವರು ಪ್ರತಿಜ್ಞಾಪರರು, ಅಂದರೆ ಮಕ್ಕಳು. ‘ಎಲ್ಲಾ ನಾನೇ ಮಾಡ್ತೀನಿ. ವಾಕಿಂಗ್ ನಾನೇ, ಸ್ನಾನ ನಾನೇ, ಕಕ್ಕನೂ ನಾನೇ’ ಎಂಬುದು ಇವರ ಪ್ರಮಾಣವಚನ. ಸಂವಿಧಾನದ ಮೂರನೇ ಅನುಸೂಚಿಯಲ್ಲಿರುವ ಪ್ರಮಾಣವಚನಗಳ ಬಾಳಿಕೆಯನ್ನೂ ಇದರ ಬಾಳಿಕೆಯನ್ನೂ ಹೋಲಿಸುವ ಕೆಲಸ ರಾಜ್ಯಶಾಸ್ತ್ರದವರಿಗೆ ಬಿಟ್ಟಿದ್ದು. ಎರಡನೆಯವರು ನಿಷೇಧಪರರು: ತಾಯಿ. ‘ಅದು ಬಂದ್ರೆ ನಾನು ಮನೇಲಿರಲ್ಲ’ ಎಂದು ಘೋಷಿಸಿ, ಮದುವೆಗೆ ಶಿವಮೊಗ್ಗಕ್ಕೆ ಹೋದ ದಿನ ಛತ್ರದಿಂದಲೇ ಫೋನ್ ಮಾಡಿ, “ಅದಕ್ಕೆ ಊಟ ಹಾಕಿದ್ರಾ?” ಎಂದು ಮೊದಲು ಕೇಳುವವರು ಇವರೇ. ಗಂಡ ಊಟ ಮಾಡಿದರಾ ಎಂಬ ಪ್ರಶ್ನೆ ಆ ಕರೆಯಲ್ಲಿ ಬರುವುದೇ ಇಲ್ಲ. ಮೂರನೆಯವರು ಅಲಿಪ್ತ ರಾಷ್ಟ್ರ. ಪೇಪರಿನ ಹಿಂದಿನಿಂದ ‘ನಿಮ್ಮಮ್ಮನ್ನ ಕೇಳು’ ಎನ್ನುವ ಒಂದೇ ವಾಕ್ಯದಲ್ಲಿ ಇವರ ವಿದೇಶಾಂಗ ನೀತಿ ಮುಗಿಯುತ್ತದೆ.

ನಾಲ್ಕನೆಯವರು ಮಡಿಪರರು: ಅಜ್ಜಿ. ಇವರನ್ನು ಕಾರ್ಯಾಗಾರದಲ್ಲಿ ‘ರೆಸಿಸ್ಟೆಂಟ್ ಸ್ಟೇಕ್‌ಹೋಲ್ಡರ್’ ಎಂದು ಕರೆದರು. ಅಜ್ಜಿ ಹೇಳಿದ್ದಾದರೂ ಏನು? “ತನ್ನಿ, ನಂದೇನೂ ಇಲ್ಲ. ದೇವರಮನೆ ಹೊಸಿಲು ದಾಟಬಾರದು, ನಾನು ಊಟಕ್ಕೆ ಕೂತಾಗ ಹತ್ತಿರ ಬರಬಾರದು. ಇವತ್ತೊಂದು ನಾಳೆ ಒಂದು ಮಾಡ್ಬೇಡಿ.” ಮರಿಯನ್ನು ಪಳಗಿಸುವ ಶಾಸ್ತ್ರವೆಲ್ಲ ಈ ಮೂರು ಮಾತಿನಲ್ಲಿದೆ. ಎಲ್ಲಿ ಹೋಗಬಹುದು, ಎಲ್ಲಿ ಕೂಡದು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಬೇಕು. ಮನೆಯವರೆಲ್ಲರೂ ಅದನ್ನೇ ಪಾಲಿಸಬೇಕು. ಒಬ್ಬರು ಸೋಫಾ ಹತ್ತಿಸಿ, ಇನ್ನೊಬ್ಬರು ಬೈದು ಇಳಿಸಿದರೆ ಮರಿಗೆ ಅರ್ಥವಾಗುವುದು ಮನುಷ್ಯರ ತಲೆ ಸರಿಯಿಲ್ಲ ಎಂಬುದೊಂದೇ. ತರಬೇತುದಾರರು ಇದನ್ನೇ ಎರಡು ಗಂಟೆ ಹೇಳಿ ಹಣ ತೆಗೆದುಕೊಂಡರು.

ಐದನೆಯ ವರ್ಗ... ಇರಲಿ ಬಿಡಿ. ಎಷ್ಟು ವರ್ಗ ಮಾಡಿದರೂ ಕೊನೆಗೆ ಉಳಿಯುವುದು ಎರಡೇ: ನೆಲ ಒರೆಸುವವರು ಮತ್ತು ಒರೆಸದವರು. ಒರೆಸುವವರ ವರ್ಗದಲ್ಲಿ ನಮ್ಮ ಬಹುಪಾಲು ಮನೆಗಳಲ್ಲಿ ಒಬ್ಬಳೇ ಇರುತ್ತಾಳೆ. ಅವಳನ್ನು ಯಾರೂ ಕೇಳಿರುವುದಿಲ್ಲ. ‘ನಮ್ಮ ಮಕ್ಕಳು ನಾಯಿ ಸಾಕಿದ್ದಾರೆ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಗೆ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಿ, ಬಾಲ್ಕನಿಯಲ್ಲಿ ಬಗ್ಗಿಕೊಂಡು ಪೊರಕೆ ಹಿಡಿದಿರುವವಳು ಯಾರು ಅಂತ.

ಭಾಷಾನೀತಿ

ಇದು ಚಿಕ್ಕ ಅಧ್ಯಾಯ. ರಾಗಿ ಅಂಬಲಿ ಕುಡಿದು ಬೆಳೆದ ಮರಿಯನ್ನೂ ನಮ್ಮ ನಗರಗಳಲ್ಲಿ ‘ಸಿಟ್’, ‘ಕಮ್’, ‘ನೋ’ ಎಂದೇ ಮಾತಾಡಿಸಲಾಗುತ್ತದೆ. ಕರೆಯಲು ‘ಕುರೋ ಕುರೋ’, ಅಟ್ಟಲು ‘ಹಚಾ’ ಎಂಬ ತುಂಬಿದ ಶಬ್ದಸಂಪತ್ತು ಹಳ್ಳಿಗಳಲ್ಲಿ ಇದ್ದೂ ಹೀಗೆ. ಮರಿಗೆ ಯಾವ ಭಾಷೆಯಾದರೂ ಒಂದೇ. ಶಬ್ದ ಚಿಕ್ಕದಿರಬೇಕು, ಮನೆಯವರೆಲ್ಲ ಅದೇ ಶಬ್ದ ಹೇಳಬೇಕು. ‘ಕೂತ್ಕೋ’ ಎಂದರೆ ಅದು ಕೂರುತ್ತದೆ. ಶಿಕ್ಷಣ ಮಾಧ್ಯಮದ ವಿವಾದದಲ್ಲಿ ಇಷ್ಟು ನಿಷ್ಪಕ್ಷಪಾತವಾಗಿರುವ ಜೀವಿ ರಾಜ್ಯದಲ್ಲಿ ಮತ್ತೊಂದಿಲ್ಲ.

ಅಧೋಲೋಕ ದರ್ಶನ

ಗೃಹಾವಕಾಶವನ್ನು ಶ್ವಾನದೃಷ್ಟಿಯಿಂದ ಮರುಕಟ್ಟಿಕೊಳ್ಳುವುದು ಪೂರ್ವಸಿದ್ಧತೆಯ ಮುಂದಿನ ಘಟ್ಟ. ಇದಕ್ಕೆ ಅಧ್ಯಯನಕಾರನು ಲಂಬಾಕ್ಷದಿಂದ ಸಮತಲಾಕ್ಷಕ್ಕೆ ತಾತ್ವಿಕವಾಗಿ ಸ್ಥಾನಾಂತರಗೊಳ್ಳಬೇಕು, ಅಂದರೆ ಅಂಬೆಗಾಲಿಡಬೇಕು. ನೆಲದಿಂದ ಒಂದು ಗೇಣು ಎತ್ತರದಲ್ಲಿ ತಲೆಯಿಟ್ಟು ಹಾಲಿನಿಂದ ಅಡುಗೆಮನೆಯವರೆಗೆ ಸಾಗಿದರೆ, ಇಷ್ಟು ವರ್ಷ ಬಾಳಿದ ಮನೆಯೇ ಬೇರೆಯಾಗಿ ಕಾಣುತ್ತದೆ. ಸೋಫಾದ ಕೆಳಗೆ ಮೊಬೈಲ್ ಚಾರ್ಜರಿನ ವೈರು. ಯುಪಿಎಸ್ಸಿನ ಹಿಂದೆ ಗಂಟುಬಿದ್ದ ಮತ್ತಷ್ಟು ವೈರು. ಫ್ರಿಜ್ಜಿನ ಸಂದಿಯಲ್ಲಿ ಯಾವತ್ತೋ ಇಟ್ಟು ಮರೆತ ಇಲಿಪಾಷಾಣ. ಗೋಡೆಯಂಚಿಗೆ ಜಿರಳೆಗೆಂದು ಎಳೆದ ಸೀಮೆಸುಣ್ಣದ ಗೆರೆ. ಬೀರುವಿನ ಕೆಳಗೆ ಉರುಳಿಹೋದ ನುಸಿಗುಳಿಗೆ. ಮಂಚದ ಕೆಳಗೆ ಬಿದ್ದ ಪ್ಯಾರಾಸಿಟಮಾಲ್ ಮಾತ್ರೆ. ಇವುಗಳಲ್ಲಿ ಪ್ರತಿಯೊಂದೂ ಮರಿಗೆ ಅಪಾಯ, ಕೆಲವಂತೂ ಜೀವವನ್ನೇ ತೆಗೆಯಬಲ್ಲವು. ಮರಿ ಜಗತ್ತನ್ನು ತಿಳಿದುಕೊಳ್ಳುವುದು ಬಾಯಿಂದಲೇ.

ಅಡುಗೆಮನೆಯ ಭೂಗೋಳವನ್ನೂ ಹೀಗೇ ಓದಬೇಕು. ಚಾಕಲೇಟು ನಾಯಿಗೆ ವಿಷ ಎಂಬುದು ಈಗ ಮಕ್ಕಳಿಗೂ ಗೊತ್ತು. ಆದರೆ ದ್ರಾಕ್ಷಿ? ಹಸಿಯಾಗಲಿ ಒಣಗಿದ್ದಾಗಲಿ, ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಹುದು. ಸತ್ಯನಾರಾಯಣ ಪೂಜೆಯ ಸಪಾದವನ್ನು ‘ಪ್ರಸಾದ ಅಲ್ವಾ, ಒಂಚೂರು’ ಎಂದು ಮರಿಯ ಬಾಯಿಗೂ ಇಡುವ ಭಕ್ತಾದಿಗಳು ಅದರಲ್ಲಿ ಕೈತುಂಬ ಒಣದ್ರಾಕ್ಷಿ ಹಾಕಿರುವುದನ್ನು ಮರೆಯುತ್ತಾರೆ. ಈರುಳ್ಳಿ ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನು ಹಾಳುಮಾಡುತ್ತವೆ. ಹಾಗಾಗಿ ಮಿಕ್ಕ ಹುಳಿಯನ್ನ ಅದರ ಪಾಲಿನ ಊಟವಲ್ಲ. ಸಕ್ಕರೆರಹಿತ ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್ ಇನ್ನೂ ಅಪಾಯ. ಕಾಂಪೌಂಡಿನ ಬದಿಯಲ್ಲಿ ಪೂಜೆಗೆಂದು ಬೆಳೆಸಿದ ಕಣಗಿಲೆ ಗಿಡ ಎಲೆಯಿಂದ ಬೇರಿನವರೆಗೂ ವಿಷ. ಬಟ್ಟಲು ತುಂಬ ಹಸುವಿನ ಹಾಲಿಟ್ಟರೆ ಬಹಳಷ್ಟು ಮರಿಗಳಿಗೆ ಹೊಟ್ಟೆ ಕೆಡುತ್ತದೆ. ನಾಯಿಮರಿ ಎಂದರೆ ಹಾಲು ಎಂದು ನಮಗೆ ಕಲಿಸಿದವರು ಯಾರೋ! ಬೆಂದ ಕೋಳಿಯ ಮೂಳೆ ಸಿಗಿದು ಚೂಪಾಗುತ್ತದೆ, ಕೊಡಲೇಬೇಡಿ. ಇಷ್ಟು ದಿನ ಎಲ್ಲಿದ್ದ ಮರಿಯೋ ಅಲ್ಲಿ ಏನು ತಿನ್ನುತ್ತಿತ್ತು ಎಂದು ಕೇಳಿ, ಮೊದಲ ವಾರ ಅದನ್ನೇ ಹಾಕಿ, ಆಮೇಲೆ ನಿಧಾನವಾಗಿ ಬದಲಾಯಿಸುವುದು ಕ್ಷೇಮ.

ವಿಸರ್ಜನಾ ರಸಸಿದ್ಧಾಂತ

ಭರತಮುನಿಯು ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸನಿಷ್ಪತ್ತಿ ಎಂದನಷ್ಟೆ. ಮರಿಯ ವಿಷಯದಲ್ಲಿ ಆ ನಿಷ್ಪತ್ತಿ ಅಕ್ಷರಶಃ ನಡೆಯುತ್ತದೆ, ಸಾಮಾನ್ಯವಾಗಿ ಹೊಸ ಕಾರ್ಪೆಟ್ಟಿನ ಮೇಲೆ. ಇಲ್ಲಿ ಕಾರ್ಪೆಟ್ಟೇ ಆಲಂಬನ ವಿಭಾವ. ಆಗತಾನೆ ನಿದ್ದೆಯಿಂದೆದ್ದದ್ದು, ಊಟ ಮುಗಿಸಿದ್ದು, ಆಟವಾಡಿ ದಣಿದದ್ದು ಉದ್ದೀಪನ ವಿಭಾವಗಳು. ನೆಲ ಮೂಸುವುದು, ಗಿರಕಿ ಹೊಡೆಯುವುದು, ಹಿಂಗಾಲು ಕುಗ್ಗಿಸುವುದು ಅನುಭಾವಗಳು. ಮನೆಯವರ ಕಿರುಚಾಟ, ಓಡಾಟ, ಪೇಪರಿಗಾಗಿ ತಡಕಾಟಗಳು ಸಂಚಾರಿಗಳು. ಸ್ಥಾಯೀಭಾವ ಯಾವುದು ಎಂಬ ಬಗ್ಗೆ ಲಾಕ್ಷಣಿಕರಲ್ಲಿ ಭಿನ್ನಾಭಿಪ್ರಾಯವಿಲ್ಲ: ವಾಸನೆ.

ಈ ಸ್ಥಾಯಿಯು ನಿಜಕ್ಕೂ ಸ್ಥಾಯಿ. ಫಿನಾಯಿಲ್ ಹಾಕಿ ಒರೆಸಿದರೆ ಸಹೃದಯನ ಮೂಗಿಗೆ ಮಾತ್ರ ಸಮಾಧಾನ; ಮರಿಯ ಮೂಗು ಫಿನಾಯಿಲಿನಡಿಯ ಹಳೆಯ ಗುರುತನ್ನು ಹಿಡಿದು ಮತ್ತೆ ಅಲ್ಲಿಗೇ ಬರುತ್ತದೆ. ಇದಕ್ಕೆಂದೇ ಎಂಜೈಮ್ ಇರುವ ದ್ರಾವಣಗಳು ಸಿಗುತ್ತವೆ. ಮರಿ ಬರುವ ಮುಂಚೆಯೇ ಒಂದು ಬಾಟಲಿ ತಂದಿಡಿ. ಮೇಲೆ ಹೇಳಿದ ಉದ್ದೀಪನ ವಿಭಾವಗಳ ಪೈಕಿ ಯಾವುದು ಕಂಡರೂ ಮರಿಯನ್ನೆತ್ತಿ, ಹೊರಗೆ ಅಥವಾ ಬಾಲ್ಕನಿಯ ಮೂಲೆಯಲ್ಲಿ ಗೊತ್ತುಮಾಡಿದ ಜಾಗಕ್ಕೆ ಒಯ್ಯಬೇಕು. ಕೆಲಸ ಮುಗಿಸಿದ ಕೂಡಲೇ ಹೊಗಳಬೇಕು. ಎರಡು ತಿಂಗಳ ಮರಿಗೆ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳುವ ಶಕ್ತಿಯಿರುವುದಿಲ್ಲ. ಮೂಗನ್ನು ಒದ್ದೆಗೆ ತಿಕ್ಕಿ ಹೊಡೆಯುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅದರಿಂದ ಮರಿ ಕಲಿಯುವುದು ಒಂದೇ ಪಾಠ: ಈ ಜನರ ಕಣ್ಣಿಗೆ ಬೀಳದಂತೆ, ಮಂಚದ ಕೆಳಗೆ ಹೋಗಿ ಮಾಡಬೇಕು.

ಚುಚ್ಚುಮದ್ದಿನ ಅಧ್ಯಾಯಕ್ಕೆ ರಸವಿಲ್ಲ, ಆದರೆ ಬಿಡುವಂತಿಲ್ಲ. ಆರರಿಂದ ಎಂಟು ವಾರದೊಳಗೆ ಪಾರ್ವೊ, ಡಿಸ್ಟೆಂಪರ್ ಮುಂತಾದವಕ್ಕೆ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬೀಸ್. ಜಂತುಹುಳಕ್ಕೆ ಔಷಧಿ ಬೇರೆ. ಪಾರ್ವೊ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಿಂದೆ ಆ ರೋಗದಿಂದ ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ತರುವುದು ಅದನ್ನು ಕೊಲ್ಲಲು ತಂದಂತೆಯೇ. ಲಸಿಕೆ ಮುಗಿಯುವವರೆಗೆ ಬೀದಿಗೆ ಇಳಿಸಬೇಡಿ ಅನ್ನುತ್ತಾರೆ ವೈದ್ಯರು. ಮೂರೂವರೆ ತಿಂಗಳೊಳಗೆ ಲೋಕವನ್ನೆಲ್ಲ ಪರಿಚಯಿಸಿಬಿಡಿ ಅನ್ನುತ್ತಾರೆ ತರಬೇತುದಾರರು. ಈ ‘ದ್ವಂದ್ವಾತ್ಮಕ ಬಿಕ್ಕಟ್ಟಿಗೆ’ ಪರಿಹಾರ ಸುಲಭ: ಮರಿಯನ್ನು ಎತ್ತಿಕೊಂಡು ಓಡಾಡಿ. ಕುಕ್ಕರಿನ ಸೀಟಿ, ಮಿಕ್ಸಿ, ಬಸ್ಸಿನ ಹಾರನ್ನು, ಹೆಲ್ಮೆಟ್ ಹಾಕಿದ ಮನುಷ್ಯ, ಕೋಲೂರಿ ನಡೆಯುವ ಅಜ್ಜ, ಎಲ್ಲ ಕಾಣಲಿ, ಕೇಳಲಿ.

ತಳಿಮೀಮಾಂಸೆ

ತಳಿಯ ಆಯ್ಕೆಯು ಕೇವಲ ಜೈವಿಕ ಸಂಗತಿಯಾಗಿರದೆ ಮಧ್ಯಮವರ್ಗದ ಅಸ್ಮಿತೆಯ ಸಾಂಕೇತಿಕ ಬಂಡವಾಳದ ಅಭಿವ್ಯಕ್ತಿಯೂ ಆಗಿರುವುದರಿಂದ... ಈ ವಾಕ್ಯವನ್ನು ಮುಗಿಸಲು ಮನಸ್ಸಿಲ್ಲ.

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳಿಗೆ ನಲವತ್ತು ಡಿಗ್ರಿ ದಾಟುತ್ತದೆ. ಅಲ್ಲಿ ಸೈಬೀರಿಯಾದ ಹಿಮದಲ್ಲಿ ಬಂಡಿ ಎಳೆಯುತ್ತಿದ್ದ ಹಸ್ಕಿಯನ್ನು ಸಾಕುತ್ತಾರೆ. ಮೈಮೇಲೆ ಎರಡು ಪದರದ ಉಣ್ಣೆ ಹೊತ್ತ ಅದು ಎ.ಸಿ.ಯ ಕೆಳಗೆ ನಾಲಿಗೆ ಚಾಚಿ ಬಿದ್ದಿರುತ್ತದೆ. ಕರೆಂಟು ಹೋದರೆ ಅದಕ್ಕೆ ಗತಿಯಿಲ್ಲ. 2003ರ ಸುಮಾರಿಗೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಪಗ್ ನಾಯಿ ನಡೆಯಿತು, ದೇಶವೆಲ್ಲ ಪಗ್ ಬೇಕು ಅಂದಿತು. ಮೂತಿಯನ್ನು ಚಪ್ಪಟೆಯಾಗಿಸುತ್ತ ಹೋಗಿ, ಉಸಿರಾಡುವುದೇ ಕಷ್ಟವಾಗುವಂತೆ ಮನುಷ್ಯರು ಬೆಳೆಸಿದ ತಳಿ ಅದು. ಮಲಗಿದಾಗ ಅದು ಗೊರಕೆ ಹೊಡೆಯುವುದನ್ನು ನೋಡಿ ‘ಎಷ್ಟು ಕ್ಯೂಟ್’ ಅನ್ನುತ್ತಾರೆ. ಅದು ಉಸಿರಿಗಾಗಿ ಹೆಣಗುತ್ತಿರುತ್ತದೆ ಸ್ವಾಮಿ. 2022ರಲ್ಲಿ ‘777 ಚಾರ್ಲಿ’ ಬಂತು. ಕಾಸಿಗಾಗಿ ಮರಿ ಹಾಕಿಸುವವನ ಮನೆಯಿಂದ ತಪ್ಪಿಸಿಕೊಂಡ ನಾಯಿಯ ಕತೆ ಅದು. ರಕ್ತಸಂಬಂಧದಲ್ಲೇ ಮರಿ ಹಾಕಿಸಿದ್ದರಿಂದ ಅದಕ್ಕೆ ಕಾಯಿಲೆ. ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತ ಹೊರಬಂದ ನನ್ನ ಪರಿಚಯದವರೊಬ್ಬರು ಚಿತ್ರಮಂದಿರದ ಮೆಟ್ಟಿಲ ಮೇಲೇ ಕೇಳಿದರು: “ಲ್ಯಾಬ್ ಮರಿ ಎಷ್ಟಾಗುತ್ತೆ, ಗೊತ್ತಾ?”

ನಮ್ಮದೇ ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ. ಬಿಸಿಲು ತಡೆಯುತ್ತದೆ, ಗಾಳಿಯ ಜತೆ ಓಡುತ್ತದೆ. ಓಡಲು ಹೊಲ ಬೇಕಾದ ಅದನ್ನೂ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ‘ದೇಸಿ ಹೆಮ್ಮೆ’ ಎಂದು ಕಟ್ಟಿಹಾಕುವವರಿದ್ದಾರೆ. ದೇಸಿ, ಮಾರ್ಗ ಎರಡೂ ಕಡೆ ಸರಪಳಿ ಒಂದೇ.

ಮಾರುವವರ ಬಗ್ಗೆ ಏನು ಹೇಳುವುದು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ನಾನು ಕಂಡ ಒಂದು ಕಡೆ, ರಟ್ಟಿನ ಪೆಟ್ಟಿಗೆಯೊಳಗೆ ಕಣ್ಣು ಸರಿಯಾಗಿ ಬಿಡದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಹೊಟ್ಟೆ ಉಬ್ಬಿತ್ತು, ಕಿವಿಯ ಒಳಗೆ ಉಣ್ಣಿ. ಲಸಿಕೆಯ ಪುಸ್ತಕದಲ್ಲಿ ಹುಟ್ಟಿದ ತಾರೀಖನ್ನು ತಿದ್ದಿ, ಮೇಲೆ ಬೇರೆ ಇಂಕಿನಲ್ಲಿ ಬರೆದಿತ್ತು. “ತಾಯಿ ಎಲ್ಲಿ?” ಎಂದು ಕೇಳಿದೆ. “ತಾಯಿ ಫಾರ್ಮಲ್ಲಿದೆ ಸಾರ್, ಅದನ್ನ ನೋಡಿ ಏನ್ಮಾಡ್ತೀರಾ, ನಿಮಗೆ ಬೇಕಾಗಿರೋದು ಮರಿ ತಾನೆ?” ಅಂದ. ಹತ್ತು ಕಡೆ ಜೋತುಬಿದ್ದ ಮೊಲೆಗಳ, ಮೂಳೆ ಕಾಣುವ, ಬೆದೆಗೆ ಬಂದಾಗಲೆಲ್ಲ ಕಟ್ಟಿಸಿಕೊಂಡು ಸೋತುಹೋದ ಆ ತಾಯಿಯನ್ನು ತೋರಿಸಿದರೆ ವ್ಯಾಪಾರ ಆಗುವುದಿಲ್ಲ. ಅದಕ್ಕೇ ತೋರಿಸುವುದಿಲ್ಲ.

ಆಮೇಲೆ? ಎಂಟು ಹತ್ತು ತಿಂಗಳಿಗೆ ಮರಿ ದೊಡ್ಡದಾಗುತ್ತದೆ. ಸೋಫಾ ಕಚ್ಚುತ್ತದೆ, ಎಳೆದಾಡುತ್ತದೆ, ವರ್ಗಾವಣೆ ಬರುತ್ತದೆ, ಮನೆಯಲ್ಲಿ ಮಗು ಹುಟ್ಟುತ್ತದೆ. ಒಂದು ರಾತ್ರಿ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಹೆದ್ದಾರಿಯ ಬದಿಯಲ್ಲಿ ಇಳಿಸಿ, ಬಾಗಿಲು ಹಾಕಿಕೊಂಡು ಬರುತ್ತಾರೆ. ಕೊರಳಲ್ಲಿ ಬೆಲ್ಟು ಹಾಗೇ ಇರುತ್ತದೆ. ಬೀದಿಯಲ್ಲಿ ಬದುಕುವ ವಿದ್ಯೆ ಅದಕ್ಕೆ ಗೊತ್ತಿಲ್ಲ; ಬರುವ ಪ್ರತಿ ಬಿಳಿ ಕಾರಿನ ಹಿಂದೆಯೂ ಓಡುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ನಿನಡಿ ಅಪರಾಧ. ಮೊದಲ ಸಲದ ತಪ್ಪಿಗೆ ಕಾಯಿದೆ ಬರೆದಿಟ್ಟಿರುವ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಕಾಯಿದೆ 1960ರದು. ಐವತ್ತು ರೂಪಾಯಿಗೆ ಬೆಂಗಳೂರಿನ ಎಷ್ಟೋ ದರ್ಶಿನಿಗಳಲ್ಲಿ ಇವತ್ತು ಒಂದು ಮಸಾಲೆದೋಸೆಯೂ ಬರುವುದಿಲ್ಲ.

ಇದಕ್ಕೆ ಯಾವ ಪರಿಭಾಷೆ ಬಳಸಲಿ? ‘ಪೆಟ್ ಪೇರೆಂಟ್’ ಅನ್ನುತ್ತೀರಲ್ಲ, ಹೆತ್ತವರು ಮಗುವನ್ನು ಹೆದ್ದಾರಿಯಲ್ಲಿ ಇಳಿಸಿ ಬರುತ್ತಾರೆಯೇ? ನಾಯಿಯನ್ನು ನಾಯಿ ಎನ್ನಿ, ಸಾಕು. ಅದನ್ನು ಮಗು ಎಂದು ಕರೆದು ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿ, ಕಾಯಿಲೆ ಬಿದ್ದ ದಿನ ‘ಎಷ್ಟಾದರೂ ಪ್ರಾಣಿ ತಾನೆ’ ಎನ್ನುವುದಕ್ಕಿಂತ, ನಾಯಿಯನ್ನು ನಾಯಿಯಾಗಿಯೇ ಕಂಡು ಕೊನೆತನಕ ಅನ್ನ ಹಾಕಿದ ನಮ್ಮ ಹಿರಿಯರು ಎಷ್ಟೋ ವಾಸಿ.

ಉಪಸಂಹಾರದ ಬದಲು

ನಿಯಮದ ಪ್ರಕಾರ ಇಲ್ಲಿ ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದು ಶುರುಮಾಡಬೇಕು. ಬೇಡ. ಕಾರ್ಯಾಗಾರದಲ್ಲಿ ಆ ಹೆಂಗಸು ಕೇಳಿದ ಪ್ರಶ್ನೆಗೆ ಶುಲ್ಕವಿಲ್ಲದೆ ಉತ್ತರ ಹೇಳಿಬಿಡುತ್ತೇನೆ. ಅಮ್ಮಾ, ಅದು ಅಳುವುದು ಅಮ್ಮನನ್ನೂ ಒಡಹುಟ್ಟಿದವರನ್ನೂ ಬಿಟ್ಟು ಬಂದಿದ್ದಕ್ಕೆ. ಹುಟ್ಟಿದಾಗಿನಿಂದ ಒಂದರ ಮೈಗೊಂದು ಅಂಟಿಕೊಂಡು ಮಲಗಿದ್ದು, ಮೊದಲ ಸಲ ಒಂಟಿಯಾಗಿರುತ್ತದೆ. ತರುವಾಗ ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ, ಹಾಸಿಗೆಗೆ ಹಾಕಿ. ಮೊದಲ ರಾತ್ರಿಗಳಲ್ಲಿ ನಿಮ್ಮ ಮಂಚದ ಪಕ್ಕದಲ್ಲೇ ಮಲಗಿಸಿ. ಅತ್ತಾಗ ಕೈ ಇಳಿಬಿಟ್ಟರೆ ಸಾಕು. ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಬೇಡಿ. ಕೆಲವು ದಿನಕ್ಕೆ ಸರಿಹೋಗುತ್ತದೆ. ಮೂರನೇ ಮಾಡ್ಯೂಲಿನಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಕ್ಕಿಲ್ಲ.

ನಾಯಿಯ ಆಯುಸ್ಸು ಹತ್ತರಿಂದ ಹದಿನಾಲ್ಕು ವರ್ಷ. ಇವತ್ತು ಐದನೇ ಕ್ಲಾಸಿನಲ್ಲಿ ಕೂತು ‘ಎಲ್ಲಾ ನಾನೇ ಮಾಡ್ತೀನಿ’ ಅನ್ನುವ ಹುಡುಗ ಡಿಗ್ರಿ ಮುಗಿಸಿ, ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದಮೇಲೂ ಅದು ಮನೆಯಲ್ಲಿರುತ್ತದೆ. ಹಾಸಿಗೆ, ಬಟ್ಟಲು, ಬೆಲ್ಟು ತರುವ ಮುಂಚೆ ಮನೆಯವರೆಲ್ಲ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಬೆಳಗ್ಗೆ ಆರಕ್ಕೆ ಯಾರು, ಮಧ್ಯಾಹ್ನ ಯಾರು, ರಾತ್ರಿ ಎರಡಕ್ಕೆ ಯಾರು, ಊರಿಗೆ ಹೋದರೆ ಯಾರು, ಆಸ್ಪತ್ರೆಯ ಖರ್ಚು ಯಾರದು. ಎಲ್ಲ ಸಾಲುಗಳಲ್ಲೂ ಒಂದೇ ಹೆಸರು ಬಂದರೆ ಆ ಹೆಸರಿನವರು ಒಪ್ಪಿದ್ದಾರೆಯೇ ಎಂದು ಕೇಳಿ. ಇಲ್ಲವೆಂದರೆ ತರಬೇಡಿ. ಒಪ್ಪಿದರೆ, ಮೊದಲು ನಿಮ್ಮ ಬೀದಿಯಲ್ಲಿ, ಹತ್ತಿರದ ಪ್ರಾಣಿ ಆಶ್ರಯಗಳಲ್ಲಿ ಮನೆಗಾಗಿ ಕಾಯುತ್ತಿರುವ ಮರಿಗಳನ್ನು ನೋಡಿ. ಅಲ್ಲಿ ತಳಿ ಕೇಳುವವರಿಲ್ಲ, ದುಡ್ಡೂ ಸಾಮಾನ್ಯವಾಗಿ ಬೇಕಿಲ್ಲ. ಕೊಂಡೇ ತರುವುದಾದರೆ, ಬೆಲೆ ಕೇಳುವ ಮುಂಚೆ ತಾಯಿಯನ್ನು ತೋರಿಸಿ ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ.